ಹಳ್ಳಿಯ ಮನೆ, ಹಳ್ಳಿಯ ಬಿಡುವು: ಕೇಳಿದ್ದು ಯಾರನ್ನು?

ಹಳೆಯ ಮೈಸೂರು ಸೀಮೆಯ ಹಳ್ಳಿಗಳಲ್ಲಿ ಒಂದು ಮನೆಯ ಅಂತಸ್ತು ತಿಳಿಯಲು ಒಳಗೆ ಕಾಲಿಡಬೇಕಾಗಿರಲಿಲ್ಲ. ಬೀದಿಯಲ್ಲಿ ನಿಂತು ಜಗಲಿಯನ್ನು ನೋಡಿದರೆ ಸಾಕಾಗುತ್ತಿತ್ತು. ಬಾಗಿಲಿನ ಎರಡೂ ಪಕ್ಕ ಮೊಣಕಾಲೆತ್ತರಕ್ಕೋ ಸೊಂಟದೆತ್ತರಕ್ಕೋ ಎದ್ದ ಕಟ್ಟೆ, ಅದರ ಮೇಲೆ ಚಾಚಿದ ಸೂರು, ಸೂರನ್ನು ಹೊತ್ತ ಮರದ ಕಂಬ. ಬಡವನ ಜಗಲಿಗೆ ಸಗಣಿ ಸಾರಿಸಿದ ಮಣ್ಣು, ಪಟೇಲನ ಜಗಲಿಗೆ ಚಪ್ಪಡಿ ಕಲ್ಲು. ಹಗಲು ಅಲ್ಲಿ ರಾಗಿ ಮೂಟೆ ಇಳಿಯುತ್ತಿತ್ತು. ಸಂಜೆ ಹಗ್ಗ ಹೊಸೆಯುವ ಕೆಲಸ ನಡೆಯುತ್ತಿತ್ತು. ರಾತ್ರಿ ಉಂಡ ಮೇಲೆ ಎಲೆ ಅಡಿಕೆ, ಮಳೆ ಬೆಳೆಯ ಸಮಾಚಾರ, ಹೆಣ್ಣು ಗಂಡಿನ ಸಂಬಂಧದ ಮಾತು, ಒಮ್ಮೊಮ್ಮೆ ನ್ಯಾಯ ಪಂಚಾಯ್ತಿ. ಬೇಸಗೆಯಲ್ಲಿ ಗಂಡಸರು ಮಲಗುತ್ತಿದ್ದುದೂ ಅಲ್ಲಿಯೇ. ಹುಡುಗರು ಬಳಪದಿಂದಲೋ ಇದ್ದಿಲಿನಿಂದಲೋ ಗೆರೆ ಎಳೆದು ಚೌಕಾಬಾರ, ಹುಲಿ-ಕುರಿ ಆಡುತ್ತಿದ್ದುದೂ ಅದೇ ಕಲ್ಲಿನ ಮೇಲೆ. ಈ ಜಗಲಿ ವಸತಿಗೆ ಸೇರಿದ್ದೋ ಮನರಂಜನೆಗೆ ಸೇರಿದ್ದೋ ಎಂದು ಯಾರಾದರೂ ಕೇಳಿದ್ದರೆ ಮನೆಯ ಯಜಮಾನ ಅವರ ಮುಖವನ್ನೇ ನೋಡುತ್ತಿದ್ದನೇನೋ.

ಆದರೆ ಸರ್ಕಾರದ ಕಡತಗಳಲ್ಲಿ ಇವೆರಡೂ ಬೇರೆ ಬೇರೆ. ವಸತಿಗೆ ಒಂದು ಇಲಾಖೆ, ಕ್ರೀಡೆ ಮತ್ತು ಸಂಸ್ಕೃತಿಗೆ ಇನ್ನೊಂದು. ಮನೆ ಎಂದರೆ ಇಷ್ಟು ಚದರ ಅಡಿ, ಮನರಂಜನೆ ಎಂದರೆ ಒಂದು ರಂಗಮಂದಿರ ಅಥವಾ ಒಂದು ದೂರದರ್ಶನ ಪೆಟ್ಟಿಗೆ. ಕಳೆದ ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಆರೋಗ್ಯಾಧಿಕಾರಿಗಳು, ಯೋಜಕರು, ಸಮಾಜ ವಿಜ್ಞಾನಿಗಳು, ಜನಗಣತಿಯವರು ಒಬ್ಬರ ನಂತರ ಒಬ್ಬರಂತೆ ಹಳ್ಳಿಗೆ ಬಂದು ಈ ಎರಡು ವಿಷಯಗಳ ಬಗ್ಗೆ ವಿಚಾರಿಸಿದ್ದಾರೆ. ಅವರು ಏನು ಕೇಳಿದರು ಎನ್ನುವುದಕ್ಕಿಂತ ಯಾರನ್ನು ಕೇಳಿದರು, ಎಲ್ಲಿ ಕುಳಿತು ಕೇಳಿದರು ಎನ್ನುವುದರಲ್ಲಿ ಹೆಚ್ಚಿನ ಸ್ವಾರಸ್ಯವಿದೆ.

ಮೊದಲು ಬಂದವರು ಕೇಳಲು ಬಂದವರಲ್ಲ, ಹೇಳಲು ಬಂದವರು. 1898ರಲ್ಲಿ ಮೈಸೂರು ಸಂಸ್ಥಾನಕ್ಕೆ ಪ್ಲೇಗ್ ಕಾಲಿಟ್ಟಿತು. ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಹುಟ್ಟಿದ್ದು ಆ ಗಾಬರಿಯಲ್ಲಿ. ಹಳ್ಳಿಗಳಲ್ಲಿ ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಆಗ ಹಳ್ಳಿಯ ಮನೆಯನ್ನು ಒಳಹೊಕ್ಕು ನೋಡಿದ ಅಧಿಕಾರಿಗಳಿಗೆ ಮೂರು ದೋಷಗಳು ಕಂಡವು: ಕಿಟಕಿಯಿಲ್ಲ, ಹೊಗೆ ಹೋಗಲು ದಾರಿಯಿಲ್ಲ, ದನ ಮನುಷ್ಯರ ಜೊತೆಗೇ ಇವೆ. ಈ ಆಕ್ಷೇಪಣೆಗಳಲ್ಲಿ ಸತ್ಯವಿರಲಿಲ್ಲ ಎನ್ನುವಂತಿಲ್ಲ. ಆದರೆ ಹಾಗೆ ಕಟ್ಟಿದವನಿಗೂ ಕಾರಣಗಳಿದ್ದವು. ಎತ್ತು ಎಂದರೆ ರೈತನ ಅರ್ಧ ಆಸ್ತಿ. ಅದನ್ನು ಊರ ಹೊರಗಿನ ಕೊಟ್ಟಿಗೆಯಲ್ಲಿ ಕಟ್ಟಿದರೆ ಬೆಳಗಾಗುವಷ್ಟರಲ್ಲಿ ಅದು ಯಾವ ಸಂತೆಯಲ್ಲಿರುತ್ತದೋ ಹೇಳುವವರಿಲ್ಲ. ಕಿಟಕಿ ಇಟ್ಟರೆ ಕನ್ನ ಹಾಕುವವನಿಗೆ ಅರ್ಧ ಕೆಲಸ ಮಾಡಿಕೊಟ್ಟಂತೆ. ಅಟ್ಟದ ಮೇಲಿನ ಕಾಳಿಗೆ ಹುಳು ಬೀಳದಂತೆ ಕಾಯುತ್ತಿದ್ದುದು ಅಡಿಗೆ ಮನೆಯ ಹೊಗೆಯೇ.

ಉತ್ತರ ಕರ್ನಾಟಕದ ಬಯಲು ಸೀಮೆಯಲ್ಲಿ ಈ ತರ್ಕ ಇನ್ನೂ ಸ್ಪಷ್ಟ. ದಪ್ಪ ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಮಾಳಿಗೆಯಲ್ಲಿ ಒಂದು ಬೆಳಕಿಂಡಿ. ತಲೆಬಾಗಿಲು ದಾಟಿದೊಡನೆ ದನದ ಜಾಗ, ಒಂದೆರಡು ಮೆಟ್ಟಿಲು ಮೇಲೆ ಜನರ ಪಡಸಾಲೆ. ಹೊರಗೆ ಬಿಸಿಲು ಸುಡುತ್ತಿರುವಾಗ ಒಳಗೆ ತಂಪು. ರಾತ್ರಿ ಮಾಳಿಗೆಯೇ ಹಾಸಿಗೆ, ಮಾಳಿಗೆಯೇ ಹರಟೆಯ ಕಟ್ಟೆ. ಮಲೆನಾಡಿನಲ್ಲಿ ಮಳೆಗೆ ತಕ್ಕ ಇಳಿಜಾರು ಸೂರು, ಅಡಿಕೆ ಒಣಗಿಸಲು ವಿಶಾಲವಾದ ಅಂಗಳ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಸೂರುಗಳ ಬಣ್ಣ ನಿಧಾನವಾಗಿ ಬದಲಾಯಿತು. ಯಾರೂ ಆದೇಶ ಹೊರಡಿಸದೆ, ಸಹಾಯಧನ ಕೊಡದೆ ಕೈಹೆಂಚಿನ ಬದಲು ಮಂಗಳೂರು ಹೆಂಚು ಬಂತು. ಜನರಿಗೆ ಹೊಸದು ಬೇಡವಾಗಿರಲಿಲ್ಲ. ಉಪಯೋಗ ಕಂಡದ್ದನ್ನು ತಾವೇ ಆರಿಸಿಕೊಂಡರು.

ಹಳ್ಳಿಯವರ ಮಾತನ್ನು ಕೇಳಿಸಿಕೊಳ್ಳಲೆಂದೇ ಬಂದು ಕುಳಿತವರಲ್ಲಿ ಹೆಸರಾಂತವರು ಎಂ.ಎನ್. ಶ್ರೀನಿವಾಸ್. ಮೈಸೂರಿನಲ್ಲೇ ಹುಟ್ಟಿ ಬೆಳೆದು ಆಕ್ಸ್‌ಫರ್ಡ್‌ನಲ್ಲಿ ಓದಿ ಬಂದ ಈ ಸಮಾಜ ವಿಜ್ಞಾನಿ 1948ರಲ್ಲಿ ಮೈಸೂರಿನಿಂದ ಹೆಚ್ಚು ದೂರವಿಲ್ಲದ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ನೆಲೆಸಿದರು. ತಮ್ಮ ಬರಹಗಳಲ್ಲಿ ಅದಕ್ಕೆ ರಾಂಪುರ ಎಂದು ಹೆಸರಿಟ್ಟರು. ಆಗ ಅಲ್ಲಿದ್ದವರು ಸುಮಾರು 1,500 ಮಂದಿ. ಶ್ರೀನಿವಾಸ್ ಬಿಡಾರ ಹೂಡಿದ್ದು ಊರ ಮುಖ್ಯಸ್ಥನ ಎತ್ತಿನ ಮನೆಯಲ್ಲಿ. ಒಂದು ಕಡೆ ಎತ್ತುಗಳು, ಇನ್ನೊಂದು ಕಡೆ ಪುಸ್ತಕ ಕಾಗದಗಳೊಡನೆ ಪಟ್ಟಣದ ಪಂಡಿತ. ಅವರು ಕ್ಷೌರ ಮಾಡಿಕೊಳ್ಳುವುದು, ಸ್ನಾನಕ್ಕೆ ಹೋಗುವುದು ಎಲ್ಲವೂ ಊರಿನವರಿಗೆ ಕುತೂಹಲದ ಸಂಗತಿ. ಅಧ್ಯಯನ ಮಾಡಲು ಬಂದವರೇ ಊರಿನ ಮನರಂಜನೆಯಾದರು ಎಂದರೂ ತಪ್ಪಾಗದು. ಇಪ್ಪತ್ತೆರಡು ವರ್ಷಗಳ ನಂತರ, 1970ರ ಏಪ್ರಿಲ್‌ನಲ್ಲಿ, ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ ಅವರಿದ್ದ ಸಂಶೋಧನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಇಟ್ಟಾಗ ರಾಂಪುರದ ಬಗ್ಗೆ ಅವರು ಸಂಸ್ಕರಿಸಿಟ್ಟಿದ್ದ ಟಿಪ್ಪಣಿಗಳು ಸುಟ್ಟುಹೋದವು. ಬಹುಮಟ್ಟಿಗೆ ನೆನಪಿನಿಂದಲೇ ಬರೆದ ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು.

ರಾಂಪುರದ ಮುಖಂಡರನ್ನು ಊರಿಗೆ ಏನು ಬೇಕು ಎಂದು ಕೇಳಿದರೆ ಅವರ ಉತ್ತರ ಸಿದ್ಧವಾಗಿತ್ತು: ವಿದ್ಯುತ್ ಬೇಕು, ಜಮೀನು ಮಟ್ಟ ಮಾಡಲು ಬುಲ್‌ಡೋಜರ್ ಬೇಕು. ಶಾಲೆಯ ವಿಷಯದಲ್ಲಿ ಮಾತ್ರ ಅವರಿಗೆ ಅಂಥ ಉತ್ಸಾಹವಿರಲಿಲ್ಲ. ಓದಿದರೆ ಬಡವರ ಮಕ್ಕಳು ಕೂಲಿಗೆ ಸಿಗುವುದಿಲ್ಲ, ದೊಡ್ಡವರಿಗೆ ಕೊಡುವ ಮರ್ಯಾದೆಯೂ ಕಡಿಮೆಯಾಗುತ್ತದೆ ಎಂಬ ಅಳುಕು. ಇದನ್ನು ಬರೆದಿಟ್ಟವರೂ ಶ್ರೀನಿವಾಸರೇ. ‘ಹಳ್ಳಿಯವರ ಅಭಿಪ್ರಾಯ’ ಎಂದು ನಾವು ಸುಲಭವಾಗಿ ಹೇಳುವ ಮಾತು ಎಷ್ಟೋ ಸಲ ಇಂಥದ್ದು: ಜಗಲಿಯ ಮೇಲೆ ಕುಳಿತವರ ಅಭಿಪ್ರಾಯ. ಜಗಲಿಯ ಕೆಳಗೆ ಬೀದಿಯಲ್ಲಿ ನಿಂತು ಮಾತಾಡಬೇಕಾಗಿದ್ದವರು ಏನು ಹೇಳುತ್ತಿದ್ದರೋ ಅದು ವರದಿಗೆ ಬರುತ್ತಿರಲಿಲ್ಲ. ಹರಿಜನ ಕೇರಿಯಲ್ಲಿ ವಾಸ ಮಾಡಿದ್ದರೆ ತಮಗೆ ಬೇರೆಯೇ ರಾಂಪುರ ಕಾಣುತ್ತಿತ್ತು ಎಂಬುದನ್ನು ಶ್ರೀನಿವಾಸ್ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ಅವರ ಬಗ್ಗೆ ಗೌರವ ಹೆಚ್ಚುವುದು ಇಂಥ ಕಡೆಯಲ್ಲೇ.

ರಾಂಪುರದಲ್ಲಿ ಶ್ರೀನಿವಾಸ್ ಟಿಪ್ಪಣಿ ಬರೆಯುತ್ತಿದ್ದ ವರ್ಷವೇ ಉತ್ತರ ಪ್ರದೇಶದ ಇಟಾವಾ ಜಿಲ್ಲೆಯ ಮಹೇವಾದಲ್ಲಿ ಇನ್ನೊಂದು ಪ್ರಯೋಗ ಆರಂಭವಾಯಿತು. ಅದರ ಪರಿಣಾಮ ನಮ್ಮ ಹಳ್ಳಿಗಳಿಗೂ ತಟ್ಟಿದ್ದರಿಂದ ಅದನ್ನು ಇಲ್ಲಿ ಹೇಳಬೇಕು. ಆಲ್ಬರ್ಟ್ ಮೇಯರ್ ನ್ಯೂಯಾರ್ಕಿನ ವಾಸ್ತುಶಿಲ್ಪಿ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಸೇನೆಯ ಎಂಜಿನಿಯರ್ ಆಗಿ ಭಾರತಕ್ಕೆ ಬಂದಿದ್ದರು. 1945ರಲ್ಲಿ ನೆಹರೂ ಅವರನ್ನು ಕಂಡಾಗ ಮೇಯರ್ ಮನಸ್ಸಿನಲ್ಲಿದ್ದದ್ದು ಮಾದರಿ ಹಳ್ಳಿ: ಒಳ್ಳೆಯ ಮನೆಗಳು, ನೈರ್ಮಲ್ಯ, ಸಮುದಾಯ ಭವನ. ವಾಸ್ತುಶಿಲ್ಪಿಗೆ ಸಹಜವಾದ ಕನಸು. ಆದರೆ ಹಳ್ಳಿ ಹಳ್ಳಿ ತಿರುಗಿ ರೈತರ ಮಾತು ಕೇಳಿದ ಮೇಲೆ ಯೋಜನೆಯ ಮುಖ ತಿರುಗಿತು. ಮೊದಲು ಗೋಧಿಯ ಒಳ್ಳೆಯ ಬೀಜ, ಗೊಬ್ಬರ, ಎತ್ತಿನ ಆರೋಗ್ಯ. ಕೈಯಲ್ಲಿ ನಾಲ್ಕು ಕಾಸಾದ ಮೇಲೆ ಮನೆಯ ಮಾತು. 64 ಹಳ್ಳಿಗಳಲ್ಲಿ ಕೆಲಸ ಶುರುವಾಯಿತು. ಮನೆಯ ಆಸೆ ಜನರಿಗೆ ಇಲ್ಲದಿರಲಿಲ್ಲ. ಸಹಕಾರಿ ಇಟ್ಟಿಗೆ ಗೂಡುಗಳು ಅಲ್ಲಿ ಚೆನ್ನಾಗಿ ನಡೆದವು. ಇಟ್ಟಿಗೆ ಎಟುಕುವ ಬೆಲೆಗೆ ಸಿಕ್ಕರೆ ಮನೆಯ ನಕ್ಷೆಯನ್ನು ಅವರೇ ಹಾಕಿಕೊಳ್ಳಬಲ್ಲವರಾಗಿದ್ದರು.

ಇಟಾವಾದ ಅನುಭವದ ಮೇಲೆ 1952ರ ಅಕ್ಟೋಬರ್ 2ರಂದು ದೇಶದಾದ್ಯಂತ 55 ಸಮುದಾಯ ಯೋಜನೆಗಳು ಪ್ರಾರಂಭವಾದವು. ಮೈಸೂರು ಸಂಸ್ಥಾನದಲ್ಲಿ ಅದಕ್ಕೆ ಆರಿಸಿದ್ದು ಸೊರಬ–ಶಿಕಾರಿಪುರವನ್ನು. ಬಿ.ಡಿ.ಓ., ಗ್ರಾಮಸೇವಕ, ಯುವಕ ಮಂಡಳಿ, ಮಹಿಳಾ ಸಮಾಜ, ಶ್ರಮದಾನ ಎಂಬ ಮಾತುಗಳು ಹಳ್ಳಿಯ ನಾಲಿಗೆಗೆ ಬಂದದ್ದು ಆ ಕಾಲದಲ್ಲಿ. ಪಂಚಾಯ್ತಿ ಕಟ್ಟಡದಲ್ಲಿ ರೇಡಿಯೋ, ಗೋಡೆಯ ಮೇಲೆ ಧ್ವನಿವರ್ಧಕ, ಸಂಜೆಯ ಹೊತ್ತಿಗೆ ಆಕಾಶವಾಣಿಯ ಗ್ರಾಮಸ್ಥರ ಕಾರ್ಯಕ್ರಮ. ಆದರೆ ದೆಹಲಿಗೆ ಬರುವಷ್ಟರಲ್ಲಿ ಇಟಾವಾದ ಪಾಠ ತಲೆಕೆಳಗಾಯಿತು. ಅಲ್ಲಿ ಜನರನ್ನು ಕೇಳಿ ಯೋಜನೆ ಬದಲಾಯಿಸಿದ್ದರು. ಇಲ್ಲಿ ಯೋಜನೆಯ ಗುರಿ ಮೊದಲು ಬಂದು, ಅದಕ್ಕೆ ಜನರನ್ನು ಒಪ್ಪಿಸುವುದು ಗ್ರಾಮಸೇವಕನ ಕೆಲಸವಾಯಿತು.

ಬಿಡುವಿನ ವೇಳೆಯ ಆಟಪಾಟ ಎಷ್ಟು ಗಂಭೀರ ವಿಷಯ ಎನ್ನುವುದನ್ನು ತಿಳಿಯಲು ಮಂಡ್ಯದ ಕಡೆಗೆ ಬರಬೇಕು. 1950ರ ದಶಕದ ನಡುವೆ ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ಅರ್ಥಶಾಸ್ತ್ರಜ್ಞೆ ಅಲ್ಲಿನ ಎರಡು ಹಳ್ಳಿಗಳಲ್ಲಿ ವಾಸ ಮಾಡಿ ಅಧ್ಯಯನ ನಡೆಸಿದರು. ನಾಲೆಯ ನೀರು ಕಂಡಿದ್ದ ಹಳ್ಳಿಗೆ ವಾಂಗಲ, ನೀರು ಕಾಣದ ಹಳ್ಳಿಗೆ ದಾಲೇನ ಎಂದು ಬದಲಿ ಹೆಸರು ಕೊಟ್ಟರು. ಅವರ ಪುಸ್ತಕ ಪ್ರಕಟವಾದದ್ದು 1962ರಲ್ಲಿ. ವಾಂಗಲದಲ್ಲಿ ದಲಿತರು ಒಂದು ನಾಟಕ ಆಡಲು ಹೊರಟರು. ಮಂಡ್ಯ ಸೀಮೆಯಲ್ಲಿ ಪೌರಾಣಿಕ ನಾಟಕದ ಹುಚ್ಚು ಎಷ್ಟೆಂದು ಓದುಗರಿಗೆ ಗೊತ್ತೇ ಇದೆ. ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆಗೆ ತಂದ ಕಿರೀಟ, ಭುಜಕೀರ್ತಿ, ಪರದೆ, ಬೆಳಗಿನವರೆಗೆ ಕಂದ-ಪದ್ಯ. ಜಮೀನುಳ್ಳ ರೈತರಿಗೆ ಕಣ್ಣು ಕೆಂಪಾದದ್ದು ನಾಟಕಕ್ಕಲ್ಲ, ಸಿಂಹಾಸನಕ್ಕೆ. ತಮ್ಮ ಹೊಲದಲ್ಲಿ ಕೂಲಿ ಮಾಡುವವನು ರಾಜನ ವೇಷದಲ್ಲಿ ಎತ್ತರದಲ್ಲಿ ಕೂರುವುದು, ತಾವು ಕೆಳಗೆ ನೆಲದ ಮೇಲೆ ಕೂತು ನೋಡುವುದು! ಅವರು ದಲಿತರನ್ನು ಕೆಲಸಕ್ಕೆ ಕರೆಯುವುದನ್ನೇ ನಿಲ್ಲಿಸಿದರು. ಒಂದು ರಾತ್ರಿಯ ಮನರಂಜನೆಗೆ ತೆರಬೇಕಾದ ಬೆಲೆ ಒಲೆಯ ಮೇಲಿನ ಅನ್ನ. ಜಗಲಿಯ ಎತ್ತರ, ರಂಗದ ಎತ್ತರ ಎರಡೂ ಒಂದೇ ಲೆಕ್ಕಾಚಾರಕ್ಕೆ ಸೇರಿದವು.

ಈ ಹಿನ್ನೆಲೆಯಲ್ಲಿ 1961ರ ಜನಗಣತಿ ಕೈಗೊಂಡ ಒಂದು ಕೆಲಸವನ್ನು ಮೆಚ್ಚಬೇಕು. ಆಗ ದೇಶದ ಜನಗಣತಿಯ ಮುಖ್ಯಸ್ಥರಾಗಿದ್ದವರು ಅಶೋಕ ಮಿತ್ರ ಎಂಬ ಐ.ಸಿ.ಎಸ್. ಅಧಿಕಾರಿ. ತಲೆ ಎಣಿಸುವುದಷ್ಟಕ್ಕೇ ನಿಲ್ಲದೆ ದೇಶದಲ್ಲಿ ಸುಮಾರು 500 ಹಳ್ಳಿಗಳನ್ನು ಆರಿಸಿ, ಒಂದೊಂದು ಹಳ್ಳಿಯ ಮೇಲೂ ಒಂದೊಂದು ಪುಸ್ತಕ ತರುವ ಯೋಜನೆ ಹಾಕಿದರು. ಒಂದೇ ಕಸುಬಿನವರು ಹೆಚ್ಚಾಗಿರುವ ಹಳ್ಳಿ, ಬುಡಕಟ್ಟು ಜನರ ಹಳ್ಳಿ, ಹಲವು ಜಾತಿ ಕಸುಬುಗಳು ಬೆರೆತ ಹಳೆಯ ಹಳ್ಳಿ ಎಂದು ಮೂರು ಬಗೆಯಲ್ಲಿ ಆಯ್ಕೆ ನಡೆಯಿತು. ಮೈಸೂರು ರಾಜ್ಯದ ಸಂಪುಟಗಳು ಹೊರಬಂದದ್ದು ಅಧೀಕ್ಷಕರಾಗಿದ್ದ ಕೆ. ಬಾಲಸುಬ್ರಹ್ಮಣ್ಯಂ ಅವರ ಉಸ್ತುವಾರಿಯಲ್ಲಿ.

ಆ ಪ್ರಶ್ನಾವಳಿಯನ್ನು ಓದುವುದೇ ಒಂದು ಅನುಭವ. ಗೋಡೆ ಯಾವುದರದ್ದು, ಸೂರು ಯಾವುದರದ್ದು, ಕೋಣೆ ಎಷ್ಟು, ದನ ಎಲ್ಲಿ ಎಂಬುದರ ಜೊತೆಗೆ ಮನೆಯಲ್ಲಿ ಲಾಂದ್ರ ಇದೆಯೇ, ಪೆಟ್ರೋಮ್ಯಾಕ್ಸ್ ಇದೆಯೇ, ಟಾರ್ಚು, ಸೈಕಲ್, ಗ್ರಾಮಾಫೋನ್, ರೇಡಿಯೋ ಇದೆಯೇ. ಸೊಳ್ಳೆಪರದೆ ಕಟ್ಟುವಿರಾ, ಮೈಗೆ ಸೋಪು ಹಚ್ಚುವಿರಾ, ಬಟ್ಟೆಯನ್ನು ಅಗಸರಿಗೆ ಹಾಕುವಿರಾ. ಅಸ್ಪೃಶ್ಯತೆ ಅಪರಾಧ ಎಂಬ ಕಾನೂನಿರುವುದು ಗೊತ್ತೇ ಎಂಬ ಪ್ರಶ್ನೆಯೂ ಇತ್ತು. ಬಿಡುವು ಮತ್ತು ಮನರಂಜನೆಗೆ ಪ್ರತ್ಯೇಕ ಭಾಗ: ಜಾತ್ರೆ, ಭಜನೆ, ಬಯಲಾಟ, ಕೋಲಾಟ, ಗರಡಿ, ಇಸ್ಪೀಟು, ಪಟ್ಟಣದ ಸಿನಿಮಾ. ಒಂದು ಮನೆಯನ್ನೂ ಬಿಡದೆ, ಕೇರಿಯ ಗುಡಿಸಲಿನ ಬಾಗಿಲಲ್ಲೂ ನಿಂತು ಇಷ್ಟನ್ನು ಕೇಳಿ ಬರೆದುಕೊಂಡದ್ದು ನಮ್ಮ ದೇಶದಲ್ಲಿ ಸಣ್ಣ ಮಾತಲ್ಲ. ಈಗ ಗ್ರಂಥಾಲಯಗಳ ಮೂಲೆಯಲ್ಲಿ ಧೂಳು ಹಿಡಿದಿರುವ ಈ ತೆಳು ಪುಸ್ತಕಗಳು ಅರವತ್ತರ ದಶಕದ ಹಳ್ಳಿಯನ್ನು ಕಾದಂಬರಿಗಳಿಗಿಂತ ಹತ್ತಿರದಿಂದ ತೋರಿಸುತ್ತವೆ ಎಂಬುದು ನನ್ನ ಅಭಿಪ್ರಾಯ.

ಒಂದು ಕೊರತೆ ಮಾತ್ರ ಉಳಿಯಿತು. ಪ್ರಶ್ನೆಗೆ ಉತ್ತರ ಹೇಳುವವನು ಮನೆಯ ಯಜಮಾನ. ಹೆಂಗಸಿಗೆ ಬಿಡುವು ಎಲ್ಲಿತ್ತು, ಹೇಗಿತ್ತು? ಗಂಡಸರು ಕೂತಿರುವಾಗ ಅವಳು ಜಗಲಿಗೆ ಬರುವಂತಿರಲಿಲ್ಲ. ಅವಳ ಜಗಲಿ ಎಂದರೆ ಹಿತ್ತಿಲು, ಬಾವಿಕಟ್ಟೆ, ಕೆರೆಯ ಸೋಪಾನ. ಅವಳ ಹಾಡು ಕೆಲಸದೊಡನೆ ಹೊಸೆದುಕೊಂಡದ್ದು. ಬಿಜಾಪುರ ಸೀಮೆಯ ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಪ್ರಕಟಿಸಿದಾಗ ಓದಿದವರೆಲ್ಲ ಬೆರಗಾದರು. ಅವುಗಳಲ್ಲಿ ಎಷ್ಟೋ ಬೀಸುವ ಕಲ್ಲಿನ ಮುಂದೆ ಹುಟ್ಟಿದವು. ಆಮೇಲೆ ಹಳ್ಳಿಗೆ ಹಿಟ್ಟಿನ ಗಿರಣಿ ಬಂತು, ಬೀಸುವ ಪದ ನಿಂತಿತು. ವಿದ್ವಾಂಸರು ಅದಕ್ಕಾಗಿ ಮರುಗಿದರು. ನಸುಕಿನಲ್ಲಿ ಎದ್ದು ಸೇರುಗಟ್ಟಲೆ ಜೋಳ ಬೀಸುತ್ತಿದ್ದವರು ಮರುಗಿದಂತೆ ಕಾಣುವುದಿಲ್ಲ.

1975ರ ಆಗಸ್ಟ್‌ನಿಂದ ಒಂದು ವರ್ಷ ಕಾಲ ರಾಯಚೂರು, ಗುಲಬರ್ಗಾ, ಬಿಜಾಪುರ ಜಿಲ್ಲೆಗಳ ಕೆಲವು ನೂರು ಹಳ್ಳಿಗಳಿಗೆ ಉಪಗ್ರಹದ ಮೂಲಕ ಟಿ.ವಿ. ಬಂತು. ‘ಸೈಟ್’ ಎಂದು ಹೆಸರಾದ ಈ ಪ್ರಯೋಗ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆಯಿತು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ಪೆಟ್ಟಿಗೆಯನ್ನು ಇಟ್ಟದ್ದು ಶಾಲೆ, ಪಂಚಾಯ್ತಿ ಕಟ್ಟಡದಂಥ ಸಾರ್ವಜನಿಕ ಜಾಗದಲ್ಲಿ. ಬೆಂಗಳೂರಿನವರೇ ಇನ್ನೂ ಟಿ.ವಿ. ಕಾಣದಿದ್ದಾಗ ರಾಯಚೂರಿನ ಹಳ್ಳಿಯವರು ಅದನ್ನು ನೋಡಿದರು. ಯಾರ ಮನೆಯ ಜಗಲಿಯೂ ಅಲ್ಲದ ಜಾಗದಲ್ಲಿ ಊರೆಲ್ಲ ಕೂತು ನೋಡಬಹುದಾದ ಮನರಂಜನೆ ಅದಾಗಿತ್ತು. ವರ್ಷ ಮುಗಿಯಿತು, ಉಪಗ್ರಹ ಬೇರೆಡೆಗೆ ಹೋಯಿತು. ಮತ್ತೆ ಟಿ.ವಿ. ಬಂದದ್ದು ಉಳ್ಳವರ ಮನೆಯ ನಡುಮನೆಗೆ. ಆಗ ಬಾಗಿಲ ಹೊರಗೆ ನಿಂತು ಇಣುಕಿದ ಮಕ್ಕಳು ಯಾರು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮನೆಯ ಕಥೆಗೆ ತಿರುಗೋಣ. ಭೂಹೀನ ಕೂಲಿಕಾರರಿಗೆ ನಿವೇಶನ ಕೊಡುವ ಕೇಂದ್ರದ ಯೋಜನೆ 1971ರಲ್ಲಿ ಬಂತು. 1972ರಲ್ಲಿ ಮುಖ್ಯಮಂತ್ರಿಯಾದ ದೇವರಾಜ ಅರಸರ ಕಾಲದಲ್ಲಿ ಕರ್ನಾಟಕದಲ್ಲಿ ನಿವೇಶನ ಹಂಚಿಕೆ, ಜನತಾ ಮನೆ ಎಂಬ ಮಾತುಗಳು ಮನೆಮಾತಾದವು. 1985ರ ಸುಮಾರಿಗೆ ಇಂದಿರಾ ಆವಾಸ್, 1991–92ರಲ್ಲಿ ಬಂಗಾರಪ್ಪನವರ ಸರ್ಕಾರದ ಆಶ್ರಯ, 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ, 2016ರಲ್ಲಿ ಪ್ರಧಾನಮಂತ್ರಿ ಆವಾಸ್. ತಲೆಮಾರುಗಳಿಂದ ಗೌಡರ ಹಿತ್ತಿಲಿನಲ್ಲಿ, ಅವರ ದಯೆಯ ಮೇಲೆ ಗುಡಿಸಲು ಹಾಕಿಕೊಂಡಿದ್ದವನಿಗೆ ಹಕ್ಕುಪತ್ರ ಎಂಬ ಕಾಗದ ಎಂಥದ್ದು ಎಂದು ಪಟ್ಟಣದವರಿಗೆ ತಿಳಿಯುವುದು ಕಷ್ಟ. ಕೂಲಿಗೆ ಬರಲಿಲ್ಲವೆಂದು ಅವನನ್ನು ಇನ್ನು ಒಕ್ಕಲೆಬ್ಬಿಸುವಂತಿರಲಿಲ್ಲ. ರಾಂಪುರದ ಮುಖಂಡರಿಗೆ ಶಾಲೆಯ ಬಗ್ಗೆ ಇದ್ದ ಅಳುಕಿನ ಜೊತೆ ಇದನ್ನು ಇಟ್ಟು ನೋಡಬೇಕು. ತಾಂಡಾ, ಹಟ್ಟಿ, ಹಾಡಿಗಳಲ್ಲಿ ಈ ಕೆಲಸ ಬಹಳ ತಡವಾಯಿತು. ದಾಖಲೆಯಿಲ್ಲದ ಇಂಥ ನೆಲೆಗಳನ್ನು ಕಂದಾಯ ಗ್ರಾಮಗಳನ್ನಾಗಿ ಮಾಡಿ, 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50,000ಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಹಂಚಲಾಯಿತು.

ಹಾಗಿದ್ದೂ ಜನತಾ ಮನೆಗಳ ಸಾಲಿನಲ್ಲಿ ನಡೆದುಕೊಂಡು ಹೋಗಿ ಅಲ್ಲಿರುವವರನ್ನು ಮಾತಾಡಿಸಿದರೆ ಕೇಳಿಬರುತ್ತಿದ್ದ ದೂರುಗಳು ಎಲ್ಲ ಊರಲ್ಲೂ ಒಂದೇ. ಊರಿಂದ ದೂರ. ಆಡು ಕಟ್ಟಲು ಜಾಗವಿಲ್ಲ. ಬೇಸಗೆಯಲ್ಲಿ ಒಳಗೆ ಮಲಗಲಾಗದು. ನೆಂಟರು ಬಂದರೆ ಕೂರಿಸುವುದೆಲ್ಲಿ? ಇಂದಿರಾ ಆವಾಸ್ ಮನೆಯ ಕನಿಷ್ಠ ವಿಸ್ತೀರ್ಣ 20 ಚದರ ಮೀಟರ್. ಪ್ರಧಾನಮಂತ್ರಿ ಆವಾಸ್‌ನಲ್ಲಿ ಅದು 25 ಆಯಿತು. ಇಂದಿರಾ ಆವಾಸ್‌ನ ಮಾರ್ಗಸೂಚಿ ಇಂಥದ್ದೇ ನಕ್ಷೆ ಎಂದು ಕಟ್ಟುಪಾಡು ಮಾಡಿರಲಿಲ್ಲ, ಗುತ್ತಿಗೆದಾರರೂ ಬೇಡ, ಫಲಾನುಭವಿಯೇ ಕಟ್ಟಿಕೊಳ್ಳಲಿ ಎಂದಿತ್ತು. ಕಾಗದದ ಮೇಲೆ ಇದು ಒಳ್ಳೆಯ ಮಾತು. ಆದರೆ ಹಣ ಕಂತಿನಲ್ಲಿ ಬರುತ್ತದೆ: ತಳಪಾಯಕ್ಕೊಂದು, ಗೋಡೆಗೊಂದು, ಛಾವಣಿಗೊಂದು. ಜಗಲಿಗೆ ಕಂತಿಲ್ಲ. ಹೀಗಾಗಿ ಯಾರೂ ಬೇಡವೆನ್ನದಿದ್ದರೂ ಅದು ಮನೆಯಿಂದ ಜಾರಿಹೋಯಿತು.

ಆದರೂ ಈ ಕಾಲೊನಿಗಳಲ್ಲಿ ಒಂದು ವಿಷಯ ಕಣ್ಣಿಗೆ ಬೀಳುತ್ತದೆ. ಕೊನೆಯ ಕಂತು ಕೈಸೇರಿ, ಬಾಗಿಲ ಮುಂದೆ ನಿಂತು ಫೋಟೊ ತೆಗೆಸಿಕೊಂಡ ಮೇಲೆ ಮನೆಯವರು ಇನ್ನಷ್ಟು ಕಲ್ಲು, ಎರಡು ಚೀಲ ಸಿಮೆಂಟು ತರುತ್ತಾರೆ. ಬಾಗಿಲ ಪಕ್ಕ ಎರಡಡಿ ಅಗಲದ ಒಂದು ಕಟ್ಟೆ ಏಳುತ್ತದೆ. ಮೇಲೆ ಒಂದು ತಗಡಿನ ಶೀಟು ಅಥವಾ ತೆಂಗಿನ ಗರಿಯ ಚಪ್ಪರ. ಸಂಜೆ ಅಲ್ಲಿ ಹೆಂಗಸರು ಕೂತು ಹೂ ಕಟ್ಟುತ್ತಾರೆ, ಅವರೆಕಾಯಿ ಸುಲಿಯುತ್ತಾರೆ. ಗಂಡಸರು ಎದ್ದು ಜಾಗ ಬಿಡುವುದೂ ಉಂಟು. ಹಳೆಯ ಜಗಲಿಯಲ್ಲಿ ಇದು ನಡೆಯುತ್ತಿರಲಿಲ್ಲ. ಮುಂದೆ ಯಾವಾಗಲೋ ಕಾಂಕ್ರೀಟು ರಸ್ತೆ ಮಂಜೂರಾದಾಗ, ಚರಂಡಿಗೆ ದಾರ ಹಿಡಿದ ಎಂಜಿನಿಯರು ಆ ಕಟ್ಟೆ ಒತ್ತುವರಿ ಎಂದು ಗುರುತು ಹಾಕುತ್ತಾನೆ. ಒಡೆಯುತ್ತಾರೆ. ಚರಂಡಿಯ ಮೇಲೆ ಚಪ್ಪಡಿ ಮುಚ್ಚಿದ ಮರುದಿನ ಅದೇ ಚಪ್ಪಡಿಯ ಮೇಲೆ ಜನ ಕೂತಿರುತ್ತಾರೆ.